ಟೀವಿಯ ಕೆಳಗೆ ಎರಡು ಸಾಲು ಕನ್ನಡ

ಹೊರದೇಶಕ್ಕೆ ಬಂದ ಕನ್ನಡಿಗರು ಟೀವಿ ಬಗ್ಗೆ ಬರೆಯೋಕೆ ಕೂತ್ರೆ ಸಾಮಾನ್ಯವಾಗಿ ಎರಡು ಥರದ ಬರಹ ಹುಟ್ಟುತ್ತೆ. ಒಂದು, "ಇಲ್ಲಿ ಎಂಥೆಂಥಾ ಡಾಕ್ಯುಮೆಂಟರಿಗಳು, ನಮ್ಮೂರಲ್ಲಿ ಬರೀ ಅತ್ತೆ-ಸೊಸೆ ಜಗಳ" ಅನ್ನೋದು. ಇನ್ನೊಂದು, "ಇಲ್ಲಿ ನೂರಾರು ಚಾನೆಲ್ ಇದ್ದರೂ ದೂರದರ್ಶನದ ಚಿತ್ರಮಂಜರಿ ನೋಡಿದ ಸುಖ ಇಲ್ಲ" ಅನ್ನೋದು. ಎರಡನ್ನೂ ನೀವೆಲ್ಲ ಬೇಕಾದಷ್ಟು ಓದಿದ್ದೀರಿ. ನನಗಂತೂ ಎರಡರಲ್ಲೂ ಪೂರ್ತಿ ನಂಬಿಕೆ ಇಲ್ಲ. ಕಸ ಇಲ್ಲೂ ಇದೆ ಮಾರಾಯ್ರೆ. ಅಮೆರಿಕದ ಟೀವಿಯಲ್ಲಿ ಸಂಜೆ ಸುದ್ದಿ ನೋಡೋಕೆ ಕೂತರೆ ಅರ್ಧಕ್ಕರ್ಧ ಔಷಧಿ ಜಾಹೀರಾತು. ಅಜ್ಜ-ಅಜ್ಜಿ ಹೂದೋಟದಲ್ಲಿ ನಗ್ತಾ ಓಡಾಡ್ತಿರ್ತಾರೆ, ಹಿಂದಿನಿಂದ ಒಬ್ಬ ಆ ಮಾತ್ರೆ ತಗೊಂಡ್ರೆ ಏನೇನು ಅನಾಹುತ ಆಗಬಹುದು ಅಂತ ಒಂದೇ ಉಸಿರಲ್ಲಿ ಓದ್ತಿರ್ತಾನೆ :)

ಹಾಗಾಗಿ ನಾನು ಹೇಳಹೊರಟಿರೋದು ಕಾರ್ಯಕ್ರಮಗಳ ಗುಣಮಟ್ಟದ ವಿಷಯ ಅಲ್ಲ. ಪರದೆಯ ಕೆಳಗೆ ಬರೋ ಎರಡು ಸಾಲು ಅಕ್ಷರದ ವಿಷಯ. ಎರಡೂ ದೇಶದ ಟೀವಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋ ವ್ಯತ್ಯಾಸ ಅದೇ.

2001ರಲ್ಲಿ ಬನಶಂಕರಿ ಎರಡನೇ ಹಂತದಿಂದ ನ್ಯೂಜೆರ್ಸಿಗೆ ಬಂದಾಗ ನನ್ನ ಇಂಗ್ಲಿಷ್ ಚೆನ್ನಾಗಿದೆ ಅಂತಲೇ ನನ್ನ ನಂಬಿಕೆ. ಆದರೆ ಟೀವಿಯವರ ಮಾತು ಅರ್ಧವೂ ತಲೆಗೆ ಹೋಗ್ತಿರಲಿಲ್ಲ. ಪದಗಳೆಲ್ಲ ಗೊತ್ತಿದ್ದವೇ, ಆದರೆ ಅವರು ನುಂಗಿ ನುಂಗಿ ಹೇಳೋ ರೀತಿಗೆ ಕಿವಿ ಒಗ್ಗಿರಲಿಲ್ಲ. ಜೋಕ್ ಬಂದಾಗ ಟೀವಿಯೊಳಗಿನ ಜನ ನಗ್ತಿದ್ರು, ನಾನು ಸುಮ್ಮನೆ ಕೂತಿರ್ತಿದ್ದೆ. ಆಗ ರೂಮ್‌ಮೇಟ್ ಒಬ್ಬ ರಿಮೋಟಿನಲ್ಲಿದ್ದ 'ಸಿಸಿ' ಅನ್ನೋ ಗುಂಡಿ ತೋರಿಸಿದ. ಒತ್ತಿದ ತಕ್ಷಣ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಅವರಾಡೋ ಮಾತೆಲ್ಲ ಬರೋಕೆ ಶುರುವಾಯ್ತು. ಆರು ತಿಂಗಳಲ್ಲಿ ಅಕ್ಷರ ಇಲ್ಲದೆಯೂ ಅರ್ಥ ಆಗೋ ಹಾಗಾಯ್ತು. ಕ್ಲೋಸ್ಡ್ ಕ್ಯಾಪ್ಶನ್ ಅಂದ್ರೆ ಅದು. ಬೇಕಾದವರು ಹಾಕ್ಕೋಬಹುದು, ಬೇಡದವರು ಆರಿಸಬಹುದು.

ಅದು ನನ್ನಂಥ ವಲಸೆಗಾರನಿಗೆ ಮಾಡಿದ್ದಲ್ಲ ಅನ್ನೋದು ಆಮೇಲೆ ತಿಳೀತು. ಕಿವಿ ಕೇಳದವರು ದಶಕಗಟ್ಟಲೆ ಕೇಳಿ ಕೇಳಿ ಪಡೆದದ್ದು. 1972ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ವಾಹಿನಿ ಡಬ್ಲ್ಯುಜಿಬಿಎಚ್, ಜೂಲಿಯಾ ಚೈಲ್ಡ್ ಅವರ ಅಡುಗೆ ಕಾರ್ಯಕ್ರಮಕ್ಕೆ ಮೊದಲ ಸಲ ಅಕ್ಷರ ಹಾಕಿ ದೇಶಕ್ಕೆಲ್ಲ ತೋರಿಸ್ತು. 1980ರಲ್ಲಿ ಬೇಕಾದಾಗ ಹಾಕ್ಕೊಳ್ಳೋ ಕ್ಯಾಪ್ಶನ್ ಬಂತು, ಆದರೆ ಅದಕ್ಕೊಂದು ಬೇರೆ ಡಬ್ಬ ಕೊಂಡು ಟೀವಿಗೆ ಜೋಡಿಸಬೇಕಿತ್ತು. ಡಬ್ಬ ಕೊಳ್ಳೋರು ಕಮ್ಮಿ ಅಂತ ಚಾನೆಲ್ಲಿನವರಿಗೆ ಉತ್ಸಾಹ ಇಲ್ಲ, ಕಾರ್ಯಕ್ರಮ ಕಮ್ಮಿ ಅಂತ ಡಬ್ಬ ಕೊಳ್ಳೋರಿಗೆ ಉತ್ಸಾಹ ಇಲ್ಲ. ಈ ಗಂಟನ್ನು ಬಿಡಿಸಿದ್ದು 1990ರ ಕಾನೂನು. ಅದರ ಪ್ರಕಾರ 1993ರ ಜುಲೈ ನಂತರ ಹದಿಮೂರು ಇಂಚು ಮತ್ತು ಅದಕ್ಕಿಂತ ದೊಡ್ಡ ಪರದೆಯ ಪ್ರತಿ ಟೀವಿಯೊಳಗೇ ಆ ಸೌಲಭ್ಯ ಇರಬೇಕಾಯ್ತು. 1996ರಲ್ಲಿ ಇನ್ನೊಂದು ಕಾನೂನು ಬಂತು. 2006ರ ಜನವರಿಯಿಂದ, ಕೆಲವು ವಿನಾಯಿತಿ ಬಿಟ್ಟರೆ, ಹೊಸ ಇಂಗ್ಲಿಷ್ ಕಾರ್ಯಕ್ರಮಗಳಿಗೆಲ್ಲ ಕ್ಯಾಪ್ಶನ್ ಕಡ್ಡಾಯ ಆಯ್ತು. 2010ರಿಂದ ಸ್ಪ್ಯಾನಿಷ್ ಕಾರ್ಯಕ್ರಮಗಳಿಗೂ ಅದೇ ನಿಯಮ. ಗಮನಿಸಿ, ಸ್ಪ್ಯಾನಿಷ್ ಮಾತಿಗೆ ಸ್ಪ್ಯಾನಿಷ್ ಅಕ್ಷರ.

ಅಂದ್ರೆ ಚಾನೆಲ್ಲಿನವರು ಒಳ್ಳೇ ಮನಸ್ಸಿಂದ ಕೊಟ್ಟಿದ್ದಲ್ಲ ಇದು. ದುಡ್ಡು ಖರ್ಚಾಗುತ್ತೆ, ಯಾರು ಓದ್ತಾರೆ ಅನ್ನೋ ವಾದಗಳೆಲ್ಲ ಇಲ್ಲೂ ಇದ್ದವು. ಈಗ ಜಿಮ್ಮಿನಲ್ಲಿ, ಏರ್‌ಪೋರ್ಟಿನಲ್ಲಿ, ಡಾಕ್ಟರ ವೇಟಿಂಗ್ ರೂಮಿನಲ್ಲಿ ಸದ್ದಿಲ್ಲದ ಟೀವಿಯ ಮುಂದೆ ಕೂತು ಓದ್ತಾ ಇರೋರಲ್ಲಿ ಬಹಳಷ್ಟು ಜನಕ್ಕೆ ಕಿವಿ ಚೆನ್ನಾಗೇ ಕೇಳುತ್ತೆ.

ಇರಲಿ, ಈಗ ನಮ್ಮೂರಿಗೆ ಬರೋಣ. ಸಂಜೆ ಏಳರ ಮೇಲೆ ಬನಶಂಕರಿಯ ಅಥವಾ ಜಯನಗರದ ಯಾವುದಾದರೂ ಅಡ್ಡರಸ್ತೆಯಲ್ಲಿ ಸುಮ್ಮನೆ ನಡೆದು ಹೋಗಿ ನೋಡಿ. ಧಾರಾವಾಹಿಯ ಒಂದು ಮಾತೂ ತಪ್ಪೋಲ್ಲ. ಒಂದು ಮನೆ ದಾಟೋಷ್ಟರಲ್ಲಿ ಮುಂದಿನ ಮನೆಯಿಂದ ಅದೇ ಡೈಲಾಗ್ ಮುಂದುವರಿಯುತ್ತೆ :) ತಮಾಷೆ ಅನ್ನಿಸಬಹುದು, ಆದರೆ ಯಾಕೆ ಹಾಗೆ ಅಂತ ಯೋಚಿಸಿ. ಎಷ್ಟೋ ಮನೆಗಳಲ್ಲಿ ಈಗ ಇರೋದು ಇಬ್ಬರೇ, ಎಪ್ಪತ್ತು ದಾಟಿದವರು. ಮಕ್ಕಳು ನನ್ನ ಹಾಗೆ ಎಲ್ಲೋ ಹೊರಗೆ. ಕಿವಿ ಮಂದ ಆಗಿದೆ, ಅದಕ್ಕೆ ವಾಲ್ಯೂಮ್ ಏರಿದೆ.

ನಮ್ಮಪ್ಪನೂ ಅವರಲ್ಲೊಬ್ಬರು. ಕಿವಿಗೆ ಮೆಷಿನ್ ಕೊಡಿಸಿದ್ದೀವಿ. ಆದರೆ ಅದು ಟೀವಿಯ ಮಾತಿನ ಜೊತೆಗೆ ಕುಕ್ಕರ್ ಕೂಗನ್ನೂ ಫ್ಯಾನಿನ ಸದ್ದನ್ನೂ ದೊಡ್ಡದು ಮಾಡುತ್ತೆ ಅಂತ ಬಹಳಷ್ಟು ಹೊತ್ತು ಅದರ ಡಬ್ಬಿಯಲ್ಲೇ ಇರುತ್ತೆ. ವಾಲ್ಯೂಮ್ ಏರಿಸಿದರೂ ಅವರಿಗೆ ಸಿಗೋದು ಸದ್ದು, ಮಾತಲ್ಲ. ಧಾರಾವಾಹಿಗಳ ಹಿನ್ನೆಲೆ ಸಂಗೀತ ಗೊತ್ತಲ್ಲ ನಿಮಗೆ... ಸೊಸೆ ಬಾಗಿಲು ತೆಗೆದರೂ ಗುಡುಗು, ಅತ್ತೆ ತಿರುಗಿ ನೋಡಿದರೂ ಗುಡುಗು.

1998ರಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬರ್ತಿದ್ದಾಗ ಒಂದು ಕಂತನ್ನೂ ಬಿಡದೆ ನೋಡಿ, ಮಾರನೇ ದಿನ ವಾಕಿಂಗಿನಲ್ಲಿ ಅದರ ಚರ್ಚೆ ಮಾಡ್ತಿದ್ದ ಮನುಷ್ಯ ಅವರು. ಈಗ ಏನು ನೋಡ್ತಾರೆ ಗೊತ್ತಾ? ಇಂಗ್ಲಿಷ್ ಸಿನಿಮಾ ಚಾನೆಲ್. ಯಾಕಂದ್ರೆ ಅದರ ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತೆ. ಜೀವಮಾನವಿಡೀ ಕನ್ನಡ ಪೇಪರು, ಕನ್ನಡ ಕಾದಂಬರಿ ಓದಿದವರು, ಕಾರ್ ಚೇಸ್ ನೋಡ್ತಾ ಕೂತಿರ್ತಾರೆ. ಅಮ್ಮ ಫೋನಿನಲ್ಲಿ, "ನಿಮ್ಮಪ್ಪಂಗೆ ಈಗ ಢಿಶುಂ ಢಿಶುಂ ಹುಚ್ಚು ಕಣೋ" ಅಂತ ನಗ್ತಾರೆ. ನನಗೆ ಮಾತ್ರ ಅದು ನಗೋ ವಿಷಯ ಅನ್ನಿಸೋಲ್ಲ. ಮೊಬೈಲಿನಲ್ಲಿ ಕನ್ನಡ ಸಿನಿಮಾ ಹಾಕಿಕೊಟ್ಟರೂ ಅಷ್ಟೇ. ನಾನು ನೋಡಿದ ಬಹುಪಾಲು ಕನ್ನಡ ಚಿತ್ರಗಳ ಕೆಳಗೆ ಇರೋದು ಇಂಗ್ಲಿಷ್ ಸಬ್‌ಟೈಟಲ್. ಕನ್ನಡದವರು ಕನ್ನಡದಲ್ಲಿ ಆಡಿದ ಮಾತು ಕನ್ನಡಿಗನಿಗೆ ಇಂಗ್ಲಿಷ್ ಮೂಲಕ ಅರ್ಥ ಆಗಬೇಕು!

ಇಂಗ್ಲಿಷ್ ಓದೋಕೆ ಬರೋರಿಗೆ ಆ ದಾರಿಯಾದರೂ ಇದೆ. ಬರದವರಿಗೆ ಅದೂ ಇಲ್ಲ. ಹುಟ್ಟಿನಿಂದಲೇ ಕಿವಿ ಕೇಳದವರ ಕಷ್ಟ ಇನ್ನೂ ದೊಡ್ಡದು. 2011ರ ಜನಗಣತಿ ಪ್ರಕಾರ ದೇಶದಲ್ಲಿ ಕಿವಿ ಕೇಳದವರ ಸಂಖ್ಯೆ ಸುಮಾರು 50 ಲಕ್ಷ. ವಯಸ್ಸಾಗಿ ಕಿವಿ ಮಂದವಾದರೂ ಅದನ್ನು ಒಪ್ಪಿಕೊಳ್ಳದೆ "ಅವರೇ ಸರಿಯಾಗಿ ಮಾತಾಡಲ್ಲ" ಅನ್ನೋ ನಮ್ಮಪ್ಪನಂಥವರು ಆ ಲೆಕ್ಕಕ್ಕೆ ಸೇರಿರೋದು ಅನುಮಾನ.

"ಧಾರಾವಾಹಿ ನೋಡದೆ ಹೋದರೆ ಒಳ್ಳೇದೇ ಆಯ್ತಲ್ಲ" ಅಂತ ನಿಮ್ಮಲ್ಲಿ ಕೆಲವರು ಹೇಳ್ತೀರಿ, ಗೊತ್ತು. ನಾನೂ ಹಾಗೆ ಜೋಕ್ ಮಾಡೋನೇ. ಆದರೆ ವಯಸ್ಸಾದ ಇಬ್ಬರಿರೋ ಮನೆಯಲ್ಲಿ ಟೀವಿ ಅಂದ್ರೆ ಬರೀ ಟೀವಿ ಅಲ್ಲ. ರಾತ್ರಿ ಊಟದ ಹೊತ್ತಿಗೆ ಮಾತಾಡೋಕೆ ಒಂದು ವಿಷಯ, ಪಕ್ಕದ ಮನೆಯವರು ಬಂದಾಗ ಸೇರಿಕೊಳ್ಳೋಕೆ ಒಂದು ಎಳೆ. ಅದೂ ತಪ್ಪಿದರೆ ಮನುಷ್ಯ ತನ್ನ ಮನೇಲೇ ಅತಿಥಿ ಥರ ಆಗಿಬಿಡ್ತಾನೆ. ಯಾವ ಧಾರಾವಾಹಿ ಒಳ್ಳೇದು, ಯಾವುದು ಕೆಟ್ಟದ್ದು ಅಂತ ಬೈಯೋ ಹಕ್ಕು ಕಿವಿ ಕೇಳದವರಿಗೂ ಇರಬೇಕು ಅಲ್ವಾ?

ಇದು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಎಂಬತ್ತರ ದಶಕದ ಕೊನೆಯ ಭಾನುವಾರದ ಮಧ್ಯಾಹ್ನಗಳನ್ನು ನೆನಪಿಸಿಕೊಳ್ಳಿ. ದೂರದರ್ಶನದಲ್ಲಿ ಕಿವಿ ಕೇಳದವರಿಗಾಗಿ ಸನ್ನೆಯ ವಾರ್ತೆ ಬರ್ತಿತ್ತು. ಪ್ರಾದೇಶಿಕ ಭಾಷೆಯ ಸಿನಿಮಾಗಳು ಇಂಗ್ಲಿಷ್ ಸಬ್‌ಟೈಟಲ್ ಜೊತೆ ಬರ್ತಿದ್ದವು. ಊಟ ಮುಗಿಸಿ ಚಾಪೆ ಮೇಲೆ ಬಿದ್ದುಕೊಂಡು ಬಂಗಾಳಿ, ಮಲಯಾಳಂ ಚಿತ್ರಗಳನ್ನು ಓದಿ ಓದಿಯೇ ನೋಡಿದ ಪೀಳಿಗೆ ನಮ್ಮದು.

ಅದಕ್ಕಿಂತ ಮುಂದಿನ ಹೆಜ್ಜೆಯೂ ನಮ್ಮ ದೇಶದ್ದೇ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಅನ್ನೋರು, ಹಾಡಿನ ಕೆಳಗೆ ಅದೇ ಭಾಷೆಯ ಅಕ್ಷರ ಹಾಕಿದರೆ ಅರ್ಧಂಬರ್ಧ ಅಕ್ಷರ ಕಲಿತವರು ಓದು ಮರೆಯೋಲ್ಲ ಅಂದ್ರು. 1999ರಲ್ಲಿ ಗುಜರಾತಿಯ 'ಚಿತ್ರಗೀತ್' ಕಾರ್ಯಕ್ರಮದಲ್ಲಿ ಅದನ್ನು ಮಾಡಿ ನೋಡಿದ್ರು, 2002ರಲ್ಲಿ ಹಿಂದಿಯ 'ಚಿತ್ರಹಾರ್'ಗೆ ತಂದ್ರು. ಹಾಡಿನ ಪದ ಬಾಯಿಗೆ ಗೊತ್ತಿರುತ್ತೆ, ಕಣ್ಣು ತಾನಾಗೇ ಅಕ್ಷರದ ಹಿಂದೆ ಹೋಗುತ್ತೆ. ಎಷ್ಟು ಸರಳ ನೋಡಿ! ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೂ ಬೇಕಾಗಿರೋದು ಅದೇ. ನನ್ನ ಮಗಳು ಅಜ್ಜಿ ಹತ್ರ ಕನ್ನಡ ಮಾತಾಡ್ತಾಳೆ, ಓದೋಕೆ ಕೂರಿಸಿದರೆ ಮುಖ ಹುಳ್ಳಗೆ ಮಾಡ್ತಾಳೆ. ಅವಳಿಗೆ ಬಾಯಿಪಾಠ ಬರೋ ಹಾಡುಗಳ ಕೆಳಗೆ ಕನ್ನಡ ಅಕ್ಷರ ಓಡಿದರೆ, ನಾನು ಭಾನುವಾರ ಹಿಡಿದು ಕೂರಿಸಿ ಹೇಳಿಕೊಡೋ ಕಾಗುಣಿತಕ್ಕಿಂತ ಚೆನ್ನಾಗಿ ಹತ್ತುತ್ತೆ.

ಹಾಗಾದರೆ ಅಡ್ಡಿ ಏನು? ಖರ್ಚು ಅಂತಾರೆ. ಆದರೆ ಧಾರಾವಾಹಿಯ ಸಂಭಾಷಣೆ ನಟ-ನಟಿಯರು ಆಡೋಕೆ ಮುಂಚೆ ಯಾರೋ ಒಬ್ಬರು ಕೂತು ಬರೆದಿರ್ತಾರಲ್ಲ! ಸಂಭಾಷಣೆಕಾರರ ಕಂಪ್ಯೂಟರಿನಲ್ಲೋ ಹಾಳೆಯಲ್ಲೋ ಅಷ್ಟೂ ಮಾತು ಕನ್ನಡದಲ್ಲಿ ಈಗಾಗಲೇ ಇದೆ. ಶೂಟಿಂಗಿನಲ್ಲಿ ಆದ ಬದಲಾವಣೆ ತಿದ್ದಿ, ಮಾತಿನ ಸಮಯಕ್ಕೆ ಹೊಂದಿಸೋದು ಕೆಲಸವೇ, ಇಲ್ಲ ಅನ್ನೋಲ್ಲ. ಆದರೆ ಬುಡದಿಂದ ಶುರು ಮಾಡೋ ಕೆಲಸ ಅಲ್ಲ. ಮಾತು ಕೇಳಿ ತಾನೇ ಬರೆಯೋ ಸೌಲಭ್ಯವನ್ನು ಗೂಗಲ್ 2017ರಲ್ಲೇ ಕನ್ನಡಕ್ಕೆ ತಂತು. ತಪ್ಪು ಮಾಡುತ್ತೆ, ತಿದ್ದೋಕೆ ಮನುಷ್ಯರು ಬೇಕು. ಕನ್ನಡ ಚೆನ್ನಾಗಿ ಬರೋ ಹುಡುಗ-ಹುಡುಗಿಯರಿಗೆ ಒಂದಷ್ಟು ಕೆಲಸ ಸಿಕ್ಕರೆ ಕೆಟ್ಟದ್ದೇನು?

ತಾಂತ್ರಿಕ ತೊಂದರೆ ಅಂತಾರೆ. ಹಳೇ ಅನಲಾಗ್ ಕಾಲದಲ್ಲಿ ಆ ಮಾತಿಗೆ ಅರ್ಥ ಇತ್ತು. ಅಮೆರಿಕದ ಹಳೇ ಕ್ಯಾಪ್ಶನ್ ವ್ಯವಸ್ಥೆಗೆ ಗೊತ್ತಿದ್ದದ್ದು ಲ್ಯಾಟಿನ್ ಅಕ್ಷರ ಮಾತ್ರ, ಒತ್ತಕ್ಷರ ಅದರ ಕೈಗೆ ಸಿಗ್ತಿರಲಿಲ್ಲ. ಆದರೆ ಬೆಂಗಳೂರಿನ ಕೇಬಲ್ಲು ಡಿಜಿಟಲ್ ಆಗೋಕೆ ಕೊಟ್ಟ ಗಡುವು 2013ರ ಮಾರ್ಚ್. ಡಿಜಿಟಲ್ ಪ್ರಸಾರದಲ್ಲಿ ಸಬ್‌ಟೈಟಲನ್ನು ಚಿತ್ರದ ರೂಪದಲ್ಲೇ ಕಳಿಸೋ ದಾರಿ ಇದೆ, ಫಾಂಟಿನ ರಗಳೆಯೂ ಇಲ್ಲ.

ಪರದೆಯಲ್ಲಿ ಜಾಗ ಇಲ್ಲ ಅಂತಾರೆ. ಇದು ಮಾತ್ರ ನಿಜ :) ನಮ್ಮ ಸುದ್ದಿವಾಹಿನಿಗಳ ಪರದೆ ನೋಡಿ. ಮೇಲೊಂದು ಬ್ರೇಕಿಂಗ್ ಪಟ್ಟಿ, ಕೆಳಗೆ ಎರಡು ಓಡೋ ಸಾಲು, ಪಕ್ಕದಲ್ಲಿ ಒಡವೆ ಅಂಗಡಿ ಜಾಹೀರಾತು, ಜ್ಯೋತಿಷಿಗಳ ಫೋನ್ ನಂಬರ್. ಅಕ್ಷರಕ್ಕೇನೂ ಬರ ಇಲ್ಲ. ಮಾತಾಡ್ತಿರೋರು ಏನು ಮಾತಾಡ್ತಿದ್ದಾರೆ ಅನ್ನೋದೊಂದನ್ನು ಬಿಟ್ಟು ಮಿಕ್ಕೆಲ್ಲ ಬರೆದಿರ್ತಾರೆ. ಜಯನಗರದ ದರ್ಶಿನಿಯಲ್ಲಿ ಕಾಫಿ ಕುಡೀತಾ ಮ್ಯೂಟ್ ಮಾಡಿದ ಟೀವಿ ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಡುಮಾತನ್ನು ಬರೆಯೋದು ಹೇಗೆ, ಧಾರವಾಡದ್ದೋ ಮಂಡ್ಯದ್ದೋ ಅಂತ ಇನ್ನೊಂದು ಅನುಮಾನ. ಅವರು ಹೇಗೆ ಆಡ್ತಾರೋ ಹಾಗೇ ಬರೆಯೋದು! ನಾವೆಲ್ಲ ಬರೀತಿಲ್ವಾ? ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣ್ತಿದ್ದ ಕಾಲದಲ್ಲಿ, ಸೆಟ್ಟಿಂಗ್ಸಿಗೆ ಹೋಗಿ ಇದನ್ನು ಟಿಕ್ ಮಾಡಿ, ಆ ಫಾಂಟ್ ಹಾಕ್ಕೊಳ್ಳಿ ಅಂತ ಒಬ್ಬರಿಗೊಬ್ಬರು ಹೇಳಿಕೊಟ್ಟು ಕಂಪ್ಯೂಟರ್ ಪರದೆಗೆ ಕನ್ನಡ ತಂದವರು ನೀವೇ. ಆಗಲೂ "ಕನ್ನಡದಲ್ಲಿ ಯಾರು ಓದ್ತಾರೆ" ಅಂದೋರಿದ್ರು.

ನಮ್ಮಲ್ಲಿ ಕಾನೂನೇ ಇಲ್ಲ ಅಂತಲೂ ಅಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ಕಿವಿ ಕೇಳದವರಿಗೆ ಟೀವಿ ಹೇಗಿರಬೇಕು ಅಂತ ಮಾನದಂಡ ಹೊರಡಿಸ್ತು. ಕ್ಯಾಪ್ಶನ್ ಆದರೂ ಸರಿ, ಸನ್ನೆ ಭಾಷೆ ಆದರೂ ಸರಿ, ಹಂತ ಹಂತವಾಗಿ ಬರಲಿ ಅನ್ನೋದು ಅದರ ಸಾರ. ಹುಟ್ಟಾ ಕಿವಿ ಕೇಳದವರಿಗೆ ಸನ್ನೆ ಭಾಷೆ ಬೇಕೇ ಬೇಕು. ಆದರೆ ಎಪ್ಪತ್ತೈದನೇ ವಯಸ್ಸಿನಲ್ಲಿ ಕಿವಿ ಕಳಕೊಂಡವರು ಸನ್ನೆ ಎಲ್ಲಿಂದ ಕಲೀತಾರೆ? ಅವರಿಗೆ ಗೊತ್ತಿರೋದು ಅಕ್ಷರ. ಎರಡೂ ಬೇಕು.

ನಾಳೆ ಬೆಳಗ್ಗೆಯೇ ಎಲ್ಲ ಆಗಲಿ ಅಂತ ನಾನು ಕೇಳ್ತಿಲ್ಲ. ಮೊದಲು ಪ್ರತಿ ವಾಹಿನಿ ಮುಂಚೆಯೇ ಚಿತ್ರೀಕರಿಸಿದ ಒಂದು ಧಾರಾವಾಹಿ, ಒಂದು ಹಾಡಿನ ಕಾರ್ಯಕ್ರಮ, ವಾರಕ್ಕೊಂದು ಸಿನಿಮಾಕ್ಕೆ ಕನ್ನಡ ಅಕ್ಷರ ಹಾಕಲಿ. ನಮ್ಮೆಲ್ಲರ ತೆರಿಗೆ ದುಡ್ಡಲ್ಲಿ ನಡೆಯೋ ಚಂದನ ಮೇಲ್ಪಂಕ್ತಿ ಹಾಕಿಕೊಟ್ಟರೆ ಇನ್ನೂ ಚೆಂದ. 2002ರಲ್ಲಿ ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಶುರು ಮಾಡಿ, ಗೆದ್ದವರಿಗೆ ಕನ್ನಡ ಪುಸ್ತಕ ಬಹುಮಾನ ಕೊಟ್ಟ ವಾಹಿನಿ ಅದು. ಪುಸ್ತಕವನ್ನೇ ಬಹುಮಾನ ಮಾಡಿದವರಿಗೆ ಅಕ್ಷರದ ಬೆಲೆ ಹೇಳಿಕೊಡಬೇಕಾ?

ನಾವು ಮಾಡಬಹುದಾದದ್ದು ಕೇಳೋದು. ನೀವು ನೋಡೋ ಚಾನೆಲ್ಲಿಗೆ ಒಂದು ಮೇಲ್, ಒಂದು ಕಾಗದ. ದುಡ್ಡು ಕೊಟ್ಟು ನೋಡೋ ಆಪ್ ಆದರೆ ಅದರಲ್ಲೇ ಒಂದು ದೂರು: ಕನ್ನಡ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಎಲ್ಲಿ ಸ್ವಾಮೀ ಅಂತ. ಒಬ್ಬರು ಕೇಳಿದರೆ ಕಸದ ಬುಟ್ಟಿಗೆ ಹೋಗುತ್ತೆ, ಇನ್ನೂರು ಜನ ಕೇಳಿದರೆ ಯಾರೋ ಒಬ್ಬರು ಮೀಟಿಂಗಿನಲ್ಲಿ ಬಾಯಿ ಬಿಡಲೇಬೇಕಾಗುತ್ತೆ. ಇಂಗ್ಲಿಷ್ ತೆಗೆಯಿರಿ ಅಂತಲ್ಲ. ಬಿಟಿಎಂ ಲೇಔಟಿನ ಪೀಜಿಯಲ್ಲಿರೋ ಒಡಿಶಾದ ಹುಡುಗ ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ಕನ್ನಡ ಚಿತ್ರ ನೋಡಿದರೆ ನನಗೆ ಖುಷಿಯೇ. ಅದರ ಪಕ್ಕದಲ್ಲಿ ಕನ್ನಡಕ್ಕೂ ಒಂದು ಆಯ್ಕೆ ಇರಲಿ ಅಂತ ಅಷ್ಟೇ.

ನಿಮ್ಮ ಮನೆಗಳಲ್ಲಿ ಹೇಗೆ? ಹಿರಿಯರು ಟೀವಿ ಮುಂದೆ ಕೂತು ನಿಜವಾಗಲೂ ಕೇಳ್ತಿದ್ದಾರಾ, ಅಥವಾ ಬರೀ ನೋಡ್ತಿದ್ದಾರಾ? ಒಂದ್ಸಲ ಗಮನಿಸಿ ತಿಳಿಸಿ. ನಾನು ಚಾನೆಲ್ಲಿನವರಿಗೆ ಬರೆದ ಕಾಗದ ಬೇಕಿದ್ದರೆ ಕೇಳಿ, ಕಳಿಸ್ತೀನಿ. ಹೆಸರು ಬದಲಾಯಿಸಿ ನಿಮ್ಮದು ಅಂತಲೇ ಹಾಕಿ, ಕಾಪಿರೈಟ್ ಏನೂ ಇಲ್ಲ :)