ಗೇನ್ ಗುಂಡಿಯೂ ಕಿವಿಯ ತೀರ್ಪೂ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಊರಿನ ಅಂಗಡಿಯಲ್ಲೋ ಕಾರಿಗೆ ಸಬ್‌ವೂಫರ್ ಹಾಕಿಸಿಕೊಂಡ ಹುಡುಗರು ಮೊದಲು ಕೈಯಿಡುವುದು ಡಿಕ್ಕಿಯಲ್ಲಿರುವ ಆಂಪ್ಲಿಫೈಯರಿನ ಗೇನ್ ಗುಂಡಿಗೆ. ಅದನ್ನು ವಾಲ್ಯೂಮ್ ಎಂದೇ ತಿಳಿದು ಕೊನೆಯವರೆಗೆ ತಿರುಗಿಸುತ್ತಾರೆ. ಅದರ ಕೆಲಸವೇ ಬೇರೆ. ಒಂದು ಸ್ಟೀರಿಯೊ 2 ವೋಲ್ಟ್ ಸಿಗ್ನಲ್ ಕೊಟ್ಟರೆ ಇನ್ನೊಂದು 4 ವೋಲ್ಟ್ ಕೊಡುತ್ತದೆ. ಎಷ್ಟು ವೋಲ್ಟ್ ಒಳಬಂದಾಗ ಆಂಪ್ಲಿಫೈಯರ್ ತನ್ನ ಪೂರ್ಣ ಶಕ್ತಿಯನ್ನು ಹೊರಹಾಕಬೇಕು ಎಂಬುದನ್ನು ಈ ಗುಂಡಿ ಗೊತ್ತುಮಾಡುತ್ತದೆ.

ಪೂರ್ಣ ಶಕ್ತಿ ಮುಟ್ಟಿದ ಮೇಲೂ ಸಿಗ್ನಲ್ ಏರುತ್ತಿದ್ದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಕ್ಲಿಪ್ಪಿಂಗ್ ಎನ್ನುವುದು ಇದನ್ನೇ. ದುಂಡನೆಯ ಸೈನ್ ಅಲೆ ಪೂರ್ತಿ ಚೌಕವಾದರೆ, ಎತ್ತರ ಅಷ್ಟೇ ಇದ್ದರೂ ಅದು ಹೊತ್ತು ತರುವ ಶಕ್ತಿ ಎರಡರಷ್ಟು. ಸ್ಪೀಕರಿಗೆ ಸೇರುವ ವಿದ್ಯುತ್ತಿನ ಬಹುಪಾಲು ಹೇಗೂ ಶಾಖವಾಗುವುದರಿಂದ ಹೆಚ್ಚುವರಿ ಹೊರೆಯೆಲ್ಲ ಸ್ಪೀಕರಿನೊಳಗಿನ ತಂತಿ ಸುರುಳಿಯಾದ ವಾಯ್ಸ್ ಕಾಯಿಲ್ ಮೇಲೆ ಬೀಳುತ್ತದೆ. ಸುಟ್ಟ ವಾಸನೆ ಮೂಗಿಗೆ ಬರುವ ಹೊತ್ತಿಗೆ ಕಾಯಿಲ್ ಕೈಬಿಟ್ಟಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇಲ್ಲಿ ಕಿವಿ ಕೊಡುವ ತೀರ್ಪು. ತಗ್ಗಿನ ಸ್ವರಗಳಿಗೆ ನಮ್ಮ ಕಿವಿ ಮಂದ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. 40 ಹರ್ಟ್ಜ್‌ನ ಅಲೆ ಚಪ್ಪಟೆಯಾದಾಗ ಅದರೊಡನೆ 120 ಹರ್ಟ್ಜ್‌ನ ಸದ್ದೂ ಹುಟ್ಟುತ್ತದೆ. ಕಿವಿ ಅಲ್ಲಿ ಹೆಚ್ಚು ಚುರುಕು. ಹಾಗಾಗಿ ಕೆಟ್ಟ ಸದ್ದೇ ‘ಬೇಸ್ ಗಟ್ಟಿಯಾಯಿತು’ ಎಂದು ಕೇಳಿಸುತ್ತದೆ, ಕೈ ಇನ್ನಷ್ಟು ತಿರುಗಿಸುತ್ತದೆ. ಸಂಗೀತವನ್ನು ಸವಿಯಲು ಕಿವಿಯೇ ಬೇಕು, ಗೇನ್ ಹೊಂದಿಸಲು ಮೀಟರೇ ಬೇಕು.

ಮೀಟರಿನಲ್ಲಿ ಎಷ್ಟು ವೋಲ್ಟ್ ಕಾಣಬೇಕು ಎಂಬ ಲೆಕ್ಕ ಸುಲಭ. ಆಂಪ್ಲಿಫೈಯರಿನ ವಾಟನ್ನು ಸಬ್‌ವೂಫರಿನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಬೇಕು. 500 ವಾಟ್, 4 ಓಮ್ ಆದರೆ 2000ದ ವರ್ಗಮೂಲ, ಸುಮಾರು 44.7 ವೋಲ್ಟ್. ಸಬ್‌ವೂಫರಿನ ವೈರು ಬಿಚ್ಚಿ, ಬೇಸ್ ಬೂಸ್ಟ್ ಆಫ್ ಮಾಡಿ, ಈಕ್ವಲೈಸರ್ ಸಮ ಮಾಡಿ, ಗೇನ್ ಪೂರ್ತಿ ಇಳಿಸಿ. ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗಿಟ್ಟು 40 ಹರ್ಟ್ಜ್‌ನ ಪರೀಕ್ಷಾ ಸ್ವರ ಹಾಕಿ. ಎಸಿ ವೋಲ್ಟ್‌ಗೆ ಇಟ್ಟ ಮಲ್ಟಿಮೀಟರನ್ನು ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್‌ಗಳಿಗೆ ಹಿಡಿದು, ಗೇನ್ ನಿಧಾನವಾಗಿ ಏರಿಸುತ್ತ ಆ ಅಂಕಿಗೆ ನಿಲ್ಲಿಸಿ. ಆದರೆ ಅಲೆ ಚಪ್ಪಟೆಯಾಗಿದೆಯೇ ಎಂದು ಮಲ್ಟಿಮೀಟರ್ ಹೇಳಲಾರದು, ಸ್ಟೀರಿಯೊವೇ ಕ್ಲಿಪ್ ಆಗುತ್ತಿದ್ದರೂ ಅದಕ್ಕೆ ತಿಳಿಯದು. ಅಲೆಯ ಆಕಾರವನ್ನೇ ತೋರಿಸುವ ಆಸಿಲೋಸ್ಕೋಪ್ ಇರುವ ಅಂಗಡಿ ಸಿಕ್ಕರೆ ಅಲ್ಲಿಗೇ ಹೋಗುವುದು ಒಳ್ಳೆಯದು. ಡ್ಯಾಶ್‌ಬೋರ್ಡಿನ ಕೆಳಗೆ ಬೇಸ್ ರಿಮೋಟ್ ಗುಂಡಿ ಇದ್ದರೆ, ಅಳೆಯುವಾಗ ಅದು ಪೂರ್ತಿ ಏರಿರಬೇಕು.

ಪರೀಕ್ಷಾ ಸ್ವರದ ಮಟ್ಟದ ಬಗ್ಗೆ ಅನುಭವಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಹಾಡುಗಳು ಸದಾ ಗರಿಷ್ಠ ಮಟ್ಟದಲ್ಲಿರುವುದಿಲ್ಲ, ಮೈನಸ್ 5 ಡೆಸಿಬೆಲ್‌ನ ಸ್ವರ ಬಳಸಿದರೆ ಬೇಸ್ ಇನ್ನಷ್ಟು ಸಿಗುತ್ತದೆ ಎನ್ನುವವರಿದ್ದಾರೆ. ಮೆಲುವಾಗಿ ಮುದ್ರಿಸಿದ ಹಳೆಯ ಚಿತ್ರಗೀತೆಗಳಿಗೆ ಅದು ಒಪ್ಪೀತು. ಆದರೆ ಅದೇ ಕಾರಿನಲ್ಲಿ ಅಂಚಿನವರೆಗೆ ತುಂಬಿ ಮುದ್ರಿಸಿದ ಇಂದಿನ ಹಾಡುಗಳೂ ಮೊಳಗುತ್ತವೆ. ಅದಕ್ಕೆ ನನ್ನ ಮತ ಗರಿಷ್ಠ ಮಟ್ಟದ, ಅಂದರೆ 0 ಡೆಸಿಬೆಲ್‌ನ ಸ್ವರಕ್ಕೇ.