ಯಂತ್ರ ಸುಲಭವಾದದ್ದು ತಪ್ಪಲ್ಲ

ಲ್ಯಾಪ್‌ಟಾಪ್ ಇದ್ದವರೆಲ್ಲ ಸಂಗೀತ ನಿರ್ದೇಶಕರಾಗಿಬಿಟ್ಟರು, ಎಲೆಕ್ಟ್ರಾನಿಕ್ ಸಂಗೀತದ ಜೀವವೇ ಹೋಯಿತು ಎಂದು ಹಳಬರು ದೂರುತ್ತಿದ್ದಾರೆ. ಸಿದ್ಧ ಲೂಪುಗಳು, ಲಯವನ್ನು ತಾನೇ ಕೂಡಿಸಿಕೊಡುವ ಸಿಂಕ್ ಬಟನ್, ಅಪಸ್ವರಕ್ಕೆ ಎಡೆಗೊಡದ ಸಾಫ್ಟ್‌ವೇರ್ ಎಲ್ಲವೂ ಅವರ ಕಣ್ಣಲ್ಲಿ ಅಪರಾಧಿಗಳು. ಈ ದೂರನ್ನು ನಾನು ಒಪ್ಪುವುದಿಲ್ಲ.

ಕಷ್ಟದ ಕಾಲವೊಂದಿತ್ತು, ನಿಜ. 1963ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕಾಗಿ ಡೀಲಿಯಾ ಡರ್ಬಿಶೈರ್ ಒಂದೊಂದು ಸ್ವರವನ್ನೂ ಟೇಪಿಗಿಳಿಸಿ, ಕತ್ತರಿಸಿ ಅಂಟಿಸಿದರು. ಆ ಶ್ರಮಕ್ಕೆ ನಮಸ್ಕಾರ. ಆದರೆ ಅಂಥ ಸಲಕರಣೆಯ ಹತ್ತಿರ ಸುಳಿಯಬೇಕಾದರೆ ಬಿಬಿಸಿಯಂಥ ಕಡೆ ನೌಕರಿಯೋ, ಕೈತುಂಬ ಹಣವೋ ಬೇಕಿತ್ತು.

ಬಾಗಿಲು ತೆರೆದದ್ದು ಅಗ್ಗದ ಪೆಟ್ಟಿಗೆಗಳು. ಗಿಟಾರ್ ವಾದಕರು ಒಬ್ಬರೇ ಅಭ್ಯಾಸ ಮಾಡುವಾಗ ಬೇಸ್ ನುಡಿಸುವವರಿಲ್ಲದ ಕೊರತೆ ನೀಗಲೆಂದು ಜಪಾನಿನ ರೋಲ್ಯಾಂಡ್ ಕಂಪನಿ ಟಿಬಿ-303 ಎಂಬ ಸಿಂಥಸೈಜರನ್ನು ತಯಾರಿಸಿತು. ಅದರ ಸದ್ದು ಬೇಸ್ ಗಿಟಾರನ್ನು ಹೋಲಲೇ ಇಲ್ಲ. 1984ಕ್ಕೆ ತಯಾರಿಕೆ ನಿಂತು, ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿತು. ಶಿಕಾಗೋದ ಕಪ್ಪು ಹುಡುಗರ ಕೈಗೆ ಅದು ಸಿಕ್ಕಿತು. ಡಿಜೆ ಪಿಯರ್ ಮತ್ತು ಗೆಳೆಯರ ‘ಫ್ಯೂಚರ್’ ತಂಡ, ಸ್ವರಗಳು ತಾವಾಗಿ ಸುತ್ತುತ್ತಿರುವಾಗ ಅದರ ನಾಬ್‌ಗಳನ್ನು ತಿರುವುತ್ತಾ ಹೋಯಿತು. ಹೊರಟ ಕಿರುಚಾಟವನ್ನು ತಪ್ಪೆಂದು ಬಿಡಬಹುದಿತ್ತು. ಅವರು ಅದನ್ನೇ ಹಿಡಿದರು, ಹತ್ತು ನಿಮಿಷಕ್ಕೂ ಮೀರಿ ಬೆಳೆಸಿದರು. 1987ರ ಆ ‘ಆಸಿಡ್ ಟ್ರ್ಯಾಕ್ಸ್’ನಿಂದ ಆಸಿಡ್ ಹೌಸ್ ಎಂಬ ಪ್ರಕಾರವೇ ಬೇರೂರಿತು.

ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಅದೇ 303 ಇಟ್ಟುಕೊಂಡು ಮುಂಬಯಿಯಲ್ಲಿ ಹಿಂದಿ ಚಿತ್ರಗಳ ವಾದ್ಯಗಾರ ಚರಣಜಿತ್ ಸಿಂಗ್ ಭೈರವ್, ಲಲಿತ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿದ್ದರು. ಆಗ ಕೇಳಿದವರು ಕಡಿಮೆ. 2010ರ ಮರುಬಿಡುಗಡೆಯ ಮೇಲೆ ಜಗತ್ತು ಬೆರಗಾಯಿತು. ಒಂದೇ ಪೆಟ್ಟಿಗೆ, ಎರಡು ಊರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು. ಜೀವವನ್ನು ಕಂಪನಿ ಪೆಟ್ಟಿಗೆಯೊಳಗೆ ತುಂಬಿ ಕಳಿಸಿರಲಿಲ್ಲ. ಯಂತ್ರದ ಮೇಲಿನ ಸಿಟ್ಟು ಹೊಸದೂ ಅಲ್ಲ. ಅದೇ 1982ರಲ್ಲಿ ಬ್ರಿಟನ್ನಿನ ವಾದ್ಯಗಾರರ ಸಂಘದ ಲಂಡನ್ ಶಾಖೆ ಸಿಂಥಸೈಜರನ್ನು ನಿಷೇಧಿಸಲು ಹೊರಟಿತ್ತು. ಅವರದು ಹೊಟ್ಟೆಪಾಡಿನ ಭಯ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಇಂದಿನ ದೂರಿನಲ್ಲಿ ನನಗೆ ಕಾಣುವುದು ಹೆಚ್ಚಾಗಿ ಯಜಮಾನಿಕೆ ಕೈತಪ್ಪಿದ ಸಿಟ್ಟು.

ನನ್ನ ತಕರಾರು ಬೇರೆ ಕಡೆಗಿದೆ. ಸಿದ್ಧ ಲೂಪು ಬಳಸುವವನೂ ಇದನ್ನು ಇಡಲೇ, ಬಿಡಲೇ ಎಂದು ಕಿವಿಯನ್ನು ಕೇಳಿಕೊಳ್ಳಲೇಬೇಕು. ಒಂದು ಸಾಲು ಟೈಪ್ ಮಾಡಿದರೆ ಪೂರ್ತಿ ಹಾಡನ್ನೇ ಒಪ್ಪಿಸುವ ಸುನೊ, ಯುಡಿಯೊ ಎಂಬ ಎಐ ಸೇವೆಗಳಲ್ಲಿ, ಬಂದದ್ದನ್ನು ಹಾಗೇ ಒಪ್ಪಿಕೊಂಡರೆ, ಆ ಪ್ರಶ್ನೆಗೇ ಜಾಗವಿಲ್ಲ. ಇತರರ ಧ್ವನಿಮುದ್ರಿಕೆಗಳನ್ನು ಅನುಮತಿಯಿಲ್ಲದೆ ಬಳಸಿವೆ ಎಂದು ದೊಡ್ಡ ರೆಕಾರ್ಡ್ ಕಂಪನಿಗಳು 2024ರಲ್ಲಿ ಅವುಗಳ ಮೇಲೆ ಮೊಕದ್ದಮೆ ಹೂಡಿದವು. ಜಗಳವಾಡಲೇಬೇಕಿದ್ದರೆ ಅಲ್ಲಿ ಆಡೋಣ.

ಹಳಬರಲ್ಲಿ ಒಂದು ಮನವಿ. ಹೊಸಬರು ಟ್ರ್ಯಾಕ್ ತಂದಾಗ ಯಾವ ಸಾಫ್ಟ್‌ವೇರ್ ಎಂದು ವಿಚಾರಿಸುವ ಮೊದಲು ಅದನ್ನು ಪೂರ್ತಿ ಕೇಳಿ. ಸಪ್ಪೆಯಾಗಿದ್ದರೆ ಎಲ್ಲಿ ಸಪ್ಪೆಯಾಯಿತು ಎಂದು ತೋರಿಸಿಕೊಡಿ.