ಏಡಿಗೂ ತ್ಯಾಗದ ಕಿರೀಟವೆ?

ಯಾವ ತಾಯಿ ಎಲ್ಲಿ ಉಪವಾಸ ಬಿದ್ದರೂ ಅವಳನ್ನು ಹೆಂಗಸರ ಮುಂದೆ ತಂದು ಕೂರಿಸಿ ಪಾಠ ಹೇಳುವ ಚಾಳಿ ನಮ್ಮ ಭಾಷಣಕಾರರಿಗೆ ಇನ್ನೂ ಹೋಗಿಲ್ಲ. ಹಿಂದೆ ಪುಣ್ಯಕೋಟಿ ಸಾಕಾಗಿತ್ತು. ಈಗ ಕಡಲ ತಳದಿಂದ ಒಂದು ಏಡಿಯನ್ನು ಹಿಡಿದು ತಂದಿದ್ದಾರೆ. ಆ ಕಥೆ ಕೇಳಿದಾಗಿನಿಂದ ನನಗೆ ಸುಮ್ಮನಿರಲಾಗುತ್ತಿಲ್ಲ.

ಕಥೆಯೇನೋ ಸುಳ್ಳಲ್ಲ. ಅಂಟಾರ್ಕ್ಟಿಕದ ಕಡೆಯ ದಕ್ಷಿಣ ಸಾಗರದಲ್ಲಿ, ಪೂರ್ವ ಸ್ಕೋಷಿಯಾ ಎಂಬ ಕಡಲಡಿಯ ಬೆಟ್ಟಸಾಲಿನಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್ ಆಳದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. 2010ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಹಡಗಿನಿಂದ ಯಂತ್ರವೊಂದನ್ನು ಇಳಿಸಿ ಅವನ್ನು ಕಂಡರು. ಸುತ್ತಲಿನ ನೀರು ಸೊನ್ನೆ ಡಿಗ್ರಿಯ ಆಸುಪಾಸು. ಬುಗ್ಗೆಯ ಬಾಯಲ್ಲಿ 380 ಡಿಗ್ರಿ. ಮೇಲಿನ ನೀರಿನ ಭಾರಕ್ಕೆ ಅದು ಕುದಿಯುವುದೂ ಇಲ್ಲ! ಬಿಸಿಲೇ ಕಾಣದ ಆ ಕತ್ತಲಲ್ಲಿ ಬಿಳಿ ಏಡಿಗಳು ಸಂತೆಯ ಜನರಂತೆ ಒತ್ತೊತ್ತಾಗಿ ನಿಂತಿದ್ದವು, ಕೆಲವೆಡೆ ಚದರ ಮೀಟರಿಗೆ 700ಕ್ಕೂ ಹೆಚ್ಚು. ಎದೆಯ ಕೂದಲಲ್ಲಿ ಬ್ಯಾಕ್ಟೀರಿಯಾ ಬೆಳೆಸಿಕೊಂಡು ಅದನ್ನೇ ಬಾಚಿ ತಿನ್ನುವ ಜೀವಿಗಳಿವು. ಆ ಬ್ಯಾಕ್ಟೀರಿಯಾಕ್ಕೆ ಬುಗ್ಗೆಯ ರಾಸಾಯನಿಕಗಳೇ ಆಧಾರ. 2015ರಲ್ಲಿ ಈ ಏಡಿಗೆ ಕಿವಾ ಟೈಲೆರಿ ಎಂದು ಹೆಸರಿಟ್ಟರು.

ಮೊಟ್ಟೆ ಹೊತ್ತ ಹೆಣ್ಣೇಡಿ ಬೆಚ್ಚಗಿನ ಜಾಗ ಬಿಟ್ಟು ಚಳಿಯತ್ತ ನಡೆಯುತ್ತದೆ. ಅಲ್ಲಿ ಮೇವಿಲ್ಲ. ಸೊರಗುತ್ತದೆ, ಬಹುಶಃ ಮರಳಿ ಬರುವುದೇ ಇಲ್ಲ ಎನ್ನುತ್ತಾರೆ ವಿಜ್ಞಾನಿಗಳು. ಭಾಷಣಕಾರರು ಇಲ್ಲಿಗೆ ನಿಲ್ಲಿಸಿ, "ತಾಯ್ತನವೆಂದರೆ ಇದು" ಎನ್ನುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ.

ಅಲ್ಲ ಸ್ವಾಮಿ, ಮರಿ ಬೆಳೆಯಲು ತಣ್ಣೀರು ಬೇಕು, ತಾಯಿಯ ಹೊಟ್ಟೆಗೆ ಬುಗ್ಗೆಯ ಬದಿ ಬೇಕು. ಎರಡೂ ಒಂದೇ ಕಡೆ ಸಿಗುವುದಿಲ್ಲ. ಅದು ದೇಹಧರ್ಮ, ವ್ರತವಲ್ಲ. ಏಡಿಗೆ ಬೇರೆ ದಾರಿಯಿಲ್ಲ. ಆದರೆ ನಮ್ಮ ಅನ್ನದ ಪಾತ್ರೆ ನಮ್ಮ ಒಲೆಯ ಮೇಲೇ ಇದೆಯಲ್ಲ! ಎಲ್ಲರಿಗೂ ಬಡಿಸಿ, ಕೊನೆಗೆ ತಳ ಕೆರೆದು ಉಣ್ಣುವುದು ಯಾವ ಸಮುದ್ರದ ನಿಯಮ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಇವರಿಗೆ ಬೇಕಾದದ್ದು ತ್ಯಾಗದ ಉಪದೇಶವೆ? ಏಡಿಯೇ ಗುರುವೆಂದಾದರೆ ಪಾಠವನ್ನು ಪೂರ್ತಿ ಹೇಳಿ. ದೊಡ್ಡ ಗಂಡೇಡಿಗಳು ಬುಗ್ಗೆಯ ಪಕ್ಕದಲ್ಲೇ ಜಾಗ ಹಿಡಿದು ಮೇಯುತ್ತಿರುತ್ತವೆ. ಆ ಭಾಗ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಹೆಣ್ಣುಮಕ್ಕಳಿಗೆ ಹೇಳಲೇಬೇಕಾದ ಕಥೆ ಈ ಬುಗ್ಗೆಗಳಲ್ಲಿ ಬೇರೆಯೇ ಇದೆ. 1977ರಲ್ಲಿ ಗಲಪಗೋಸ್ ಬಳಿ ಇಂಥವು ಮೊದಲು ಸಿಕ್ಕಾಗ, ಅಲ್ಲಿನ ದೈತ್ಯ ಹುಳುಗಳಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಬದುಕುವುದು ಹೇಗೆಂಬುದೇ ಒಗಟು. 1980ರಲ್ಲಿ ಹಾರ್ವರ್ಡಿನ ಉಪನ್ಯಾಸವೊಂದರಲ್ಲಿ, ಹುಳುವಿನೊಳಗೆ ಗಂಧಕದ ಹರಳುಗಳಿವೆ ಎಂಬ ಮಾತು ಕೇಳುತ್ತಲೇ ಕಾಲೀನ್ ಕ್ಯಾವನಾ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. ಒಳಗೆ ಬ್ಯಾಕ್ಟೀರಿಯಾ ಇರಲೇಬೇಕು, ಅವೇ ಹುಳುವನ್ನು ಸಾಕುತ್ತಿವೆ ಎಂದಳು. ಮರುವರ್ಷವೇ ಆಧಾರ ಸಹಿತ ಪ್ರಕಟಿಸಿದಳು. ಇಂದು ಏಡಿಯ ಎದೆಗೂದಲು ನಮಗೆ ಅರ್ಥವಾಗುವುದೂ ಆ ದಾರಿಯಿಂದಲೇ.

ಸಭೆಯಲ್ಲಿ ಎದ್ದು ನಿಂತ ಹೆಣ್ಣಿನ ಕಥೆ ಕೈಯಲ್ಲಿರುವಾಗ ಹಸಿದು ಸೊರಗಿದ ಏಡಿಯ ಕಥೆಯನ್ನೇ ಆರಿಸುವವರ ಉದ್ದೇಶ ನಮಗೆ ತಿಳಿಯದ್ದೇನಲ್ಲ. ಅವರಿಗೆ ಉತ್ತರ ಕೊಡಲು ವೇದಿಕೆ ಬೇಡ. ಈ ರಾತ್ರಿ ಮನೆಯವರ ಜೊತೆಗೇ ತಟ್ಟೆ ಹಾಕಿಕೊಂಡು ಕೂರಿ. ಅನ್ನ ಬಿಸಿಯಾಗಿರಲಿ.